ಬ್ರಿಟಿಷ್ ಸೀಗಲ್ ದೋಣಿ ಮೋಟಾರಿನ ಪುನರುಜ್ಜೀವನ

ಬ್ರಿಟಿಷ್ ಸೀಗಲ್ ಎಂಬುದು ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಔಟ್‌ಬೋರ್ಡ್ ಮೋಟಾರು, ಅಂದರೆ ಸಣ್ಣ ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿದು ಬಳಸುವ ಎಂಜಿನ್. ಇದರ ತಯಾರಿಕೆ 1990ರ ದಶಕದಲ್ಲಿ ನಿಂತುಹೋಯಿತು. ಆದರೂ ಹಲವು ದಶಕಗಳಷ್ಟು ಹಳೆಯದಾದ ಸೀಗಲ್‌ಗಳನ್ನು ಹವ್ಯಾಸಿಗಳು ದುರಸ್ತಿಗೊಳಿಸಿ ಇಂದಿಗೂ ಬಳಸುತ್ತಾರೆ. ಸರಳ ರಚನೆಯೇ ಇದಕ್ಕೆ ಮುಖ್ಯ ಕಾರಣ. ಯಂತ್ರವನ್ನು ಮೂಲರೂಪದಲ್ಲಿ ಉಳಿಸುವುದು ಮತ್ತು ಅದು ಓಡುವ ನೀರನ್ನು ಮಲಿನಗೊಳಿಸದಿರುವುದು, ಇವೆರಡನ್ನೂ ಹೊಂದಿಸುವುದು ಈ ಕಾರ್ಯದ ಪ್ರಮುಖ ಸಮಸ್ಯೆಯಾಗಿದೆ.

ಇತಿಹಾಸ

ಈ ಯಂತ್ರವು 1931ರಲ್ಲಿ ವುಲ್ವರ್‌ಹ್ಯಾಂಪ್ಟನ್ ನಗರದ ಜಾನ್ ಮಾರ್ಸ್ಟನ್ ಕಂಪನಿಯಿಂದ 'ಮಾರ್ಸ್ಟನ್ ಸೀಗಲ್' ಎಂಬ ಹೆಸರಿನಲ್ಲಿ ಹೊರಬಂದಿತು. ಅನಂತರ ತಯಾರಿಕೆಯು ಡಾರ್ಸೆಟ್ ಪ್ರಾಂತದ ಪೂಲ್ ಬಂದರು ಪಟ್ಟಣದಲ್ಲಿ ನೆಲೆಗೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಪಡೆಗಳು ಇದನ್ನು ಬಳಸಿದವು. ಯುದ್ಧಾನಂತರದ 'ಫಾರ್ಟಿ' ಮತ್ತು 'ಸೆಂಚುರಿ' ಮಾದರಿಗಳು ಜನಪ್ರಿಯವಾದವು.

ರಚನೆ

ಸೀಗಲ್ ಒಂದೇ ಸಿಲಿಂಡರಿನ, ಎರಡು ಹೊಡೆತದ ಪೆಟ್ರೋಲ್ ಎಂಜಿನ್. ತೆರೆದ ಗಾಲಿಚಕ್ರಕ್ಕೆ ಹಗ್ಗ ಸುತ್ತಿ ಎಳೆದು ಚಾಲನೆ ನೀಡಲಾಗುತ್ತದೆ. ಆ ಚಕ್ರದೊಳಗಿನ ಮ್ಯಾಗ್ನೆಟೊ ಬ್ಯಾಟರಿಯ ನೆರವಿಲ್ಲದೆ ಕಿಡಿ ಉತ್ಪಾದಿಸುತ್ತದೆ. ತಂಪುಗೊಳಿಸುವ ನೀರನ್ನು ಕೆಳಗಿನ ಕೇಂದ್ರಾಪಗಾಮಿ ಪಂಪು ಮೇಲಕ್ಕೆ ಒಯ್ಯುತ್ತದೆ. ಪ್ರೊಪೆಲ್ಲರಿಗೆ ಶಕ್ತಿಯು ಸುರುಳಿ ಸ್ಪ್ರಿಂಗಿನ ಮೂಲಕ ತಲುಪುವುದರಿಂದ ಅಲಗುಗಳು ಕಲ್ಲಿಗೆ ಬಡಿದರೂ ಗೇರುಗಳಿಗೆ ಬೀಳುವ ಆಘಾತ ಕಡಿಮೆಯಾಗುತ್ತದೆ.

ಹಾನಿಯ ಕಾರಣಗಳು

ಹಳೆಯ ಯಂತ್ರಗಳಿಗೆ ಸವೆತಕ್ಕಿಂತ ಸಮುದ್ರದ ಉಪ್ಪುನೀರಿನಿಂದಲೇ ಹೆಚ್ಚು ಹಾನಿಯಾಗುತ್ತದೆ. ಅಲ್ಯೂಮಿನಿಯಂ, ಉಕ್ಕು, ಹಿತ್ತಾಳೆಗಳು ಉಪ್ಪುನೀರಿನಲ್ಲಿ ಪರಸ್ಪರ ತಾಗಿದಾಗ ವಿದ್ಯುತ್-ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಸವೆಯುತ್ತದೆ. ಉಕ್ಕಿನ ಬೋಲ್ಟುಗಳು ಅದರಲ್ಲಿ ಭದ್ರವಾಗಿ ಕಚ್ಚಿಕೊಳ್ಳುತ್ತವೆ. ನೀರು ಹರಿಯುವ ಮಾರ್ಗಗಳಲ್ಲಿ ಉಪ್ಪು ಮತ್ತು ಮರಳು ಗಟ್ಟಿಯಾಗುತ್ತವೆ. ದೀರ್ಘಕಾಲ ಬಳಸದಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ, ಇಂಧನದ ನಲ್ಲಿಯ ಬಿರಡೆ ಕುಗ್ಗಿ ಸೋರುತ್ತದೆ.

ದುರಸ್ತಿಯ ಹಂತಗಳು

ಮೊದಲು ಯಂತ್ರದ ಕ್ರಮಸಂಖ್ಯೆಯ ನೆರವಿನಿಂದ ಮಾದರಿಯನ್ನು ಗುರುತಿಸಬೇಕು. ಬಿಡಿಭಾಗಗಳ ಆಯ್ಕೆಯೂ ಇಂಧನದ ಮಿಶ್ರಣವೂ ಇದನ್ನೇ ಅವಲಂಬಿಸಿವೆ. ಕಚ್ಚಿಕೊಂಡ ಬೋಲ್ಟುಗಳಿಗೆ ಒಳಸೇರುವ ಎಣ್ಣೆ ಹಾಕಿ ಕೆಲವು ದಿನ ಬಿಟ್ಟು, ಮಿತವಾಗಿ ಕಾಯಿಸಿ, ಹಿಂದೆ ಮುಂದೆ ಸ್ವಲ್ಪಸ್ವಲ್ಪವೇ ತಿರುಗಿಸುವುದು ಕ್ರಮ. ಬಲಪ್ರಯೋಗದಿಂದ ಬೋಲ್ಟು ಮುರಿದರೆ ಎರಕದ ಭಾಗವೇ ಹಾಳಾಗಬಹುದು. ಕಾಯಿಸುವ ಮುನ್ನ ಇಂಧನದ ಟ್ಯಾಂಕನ್ನು ಕಳಚಿ ದೂರವಿಡಬೇಕು.

ಅನಂತರ ಮ್ಯಾಗ್ನೆಟೊದ ಸಂಪರ್ಕಬಿಂದುಗಳನ್ನು ಶುಚಿಗೊಳಿಸಿ ಅವುಗಳ ಅಂತರವನ್ನು ಸುಮಾರು 0.5 ಮಿ.ಮೀ.ಗೆ ಹೊಂದಿಸಲಾಗುತ್ತದೆ. ಕಾರ್ಬುರೇಟರನ್ನು ಬಿಚ್ಚಿ ತೊಳೆದು, ನೀರಿನ ಮಾರ್ಗಗಳ ಗಡ್ಡೆಗಳನ್ನು ತೆಗೆಯಬೇಕು. ಗೇರುಪೆಟ್ಟಿಗೆಗೆ ದಪ್ಪನೆಯ ಎಸ್‌ಎಇ 140 ಎಣ್ಣೆ ತುಂಬುವುದು ರೂಢಿ. ಅದರ ಬೇರಿಂಗಿನಲ್ಲಿ ಬಿಗಿಯಾದ ತಡೆ ಇಲ್ಲದ ಕಾರಣ ಸ್ವಲ್ಪ ನೀರು ಒಳಸೇರಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುವುದು ಸಹಜ. ಅದನ್ನು ದೋಷವೆಂದು ಭಾವಿಸಬೇಕಿಲ್ಲ.

ಎಣ್ಣೆಯ ಪ್ರಶ್ನೆ

ಹಳೆಯ ಸೀಗಲ್‌ಗಳಿಗೆ ಹತ್ತು ಭಾಗ ಪೆಟ್ರೋಲಿಗೆ ಒಂದು ಭಾಗ ಎಣ್ಣೆ ಬೆರೆಸಬೇಕಿತ್ತು, ಅಂದರೆ 1 ಲೀಟರಿಗೆ 100 ಮಿಲಿಲೀಟರು. ಎರಡು ಹೊಡೆತದ ಎಂಜಿನ್ನಿನಲ್ಲಿ ಇದರ ಒಂದಂಶ ಉರಿಯದೆ ಹೊಗೆಯೊಂದಿಗೆ ನೀರಿಗೆ ಸೇರಿ ಮೇಲ್ಮೈಯಲ್ಲಿ ಎಣ್ಣೆಯ ಪೊರೆ ಮೂಡಿಸುತ್ತದೆ. ಮುಂದಿನ ಮಾದರಿಗಳಲ್ಲಿ ಅನುಪಾತ 25:1ಕ್ಕೆ, ಅಂದರೆ ಲೀಟರಿಗೆ 40 ಮಿಲಿಲೀಟರಿಗೆ ಇಳಿಯಿತು.

ಹಳೆಯ ಯಂತ್ರದಲ್ಲಿ ಎಣ್ಣೆಯನ್ನಷ್ಟೇ ಕಡಿಮೆಮಾಡಿದರೆ ಸಾಲದು. ಎಣ್ಣೆ ತಗ್ಗಿದಂತೆ ಅದೇ ರಂಧ್ರದ ಮೂಲಕ ಹೆಚ್ಚು ಪೆಟ್ರೋಲ್ ಹರಿಯುವುದರಿಂದ ಕಾರ್ಬುರೇಟರಿನ ಭಾಗಗಳನ್ನೂ ಬದಲಿಸಬೇಕಾಗುತ್ತದೆ. ಈ ಪರಿವರ್ತನೆ ಎಲ್ಲ ಮಾದರಿಗಳಿಗೂ ಹೊಂದುವುದಿಲ್ಲ. ಹೊಂದದ ಯಂತ್ರಕ್ಕೆ ಎಣ್ಣೆ ಕಡಿಮೆಯಾದರೆ ಬೇರಿಂಗುಗಳು ಸವೆದು ಯಂತ್ರವೇ ಹಾಳಾಗಬಹುದು. ಅಂಥ ಯಂತ್ರಗಳನ್ನು ನಿತ್ಯ ಬಳಸದೆ ಪ್ರದರ್ಶನಕ್ಕೆ ಮೀಸಲಿಡುವುದು ಯಂತ್ರಕ್ಕೂ ನೀರಿಗೂ ಹಿತಕರ.

ಪರೀಕ್ಷೆ ಮತ್ತು ಸುರಕ್ಷತೆ

ದುರಸ್ತಿಯಾದ ಯಂತ್ರವನ್ನು ಒಣಗಿದ ಸ್ಥಿತಿಯಲ್ಲಿ ಓಡಿಸಬಾರದು. ನೀರು ತುಂಬಿದ ಪೀಪಾಯಿಯಲ್ಲಿ ಬಯಲಿನಲ್ಲಿ ಪರೀಕ್ಷಿಸಬೇಕು. ಕ್ಲಚ್ ಇಲ್ಲದ ಮಾದರಿಗಳಲ್ಲಿ ಎಂಜಿನ್ ಹೊತ್ತಿಕೊಂಡೊಡನೆ ಪ್ರೊಪೆಲ್ಲರು ತಿರುಗುವುದರಿಂದ ಪರೀಕ್ಷೆಗೆ ಮೊದಲು ಅದನ್ನು ಕಳಚಿಡುವುದು ಒಳ್ಳೆಯದು. ತೆರೆದ ಗಾಲಿಚಕ್ರಕ್ಕೆ ಬಟ್ಟೆ, ಕೂದಲು ಸಿಲುಕದಂತೆ ಎಚ್ಚರ ವಹಿಸಬೇಕು. ಸಮುದ್ರದಲ್ಲಿ ಬಳಸಿದ ಪ್ರತಿ ಸಲವೂ ಸಿಹಿನೀರಿನಲ್ಲಿ ಓಡಿಸಿ ಉಪ್ಪನ್ನು ತೊಳೆದರೆ ಯಂತ್ರದ ಆಯುಸ್ಸು ಹೆಚ್ಚುತ್ತದೆ.