ತಪ್ಪು ಹೆಗಲಿನದಾ, ಬಂದೂಕಿನದಾ? ಫೋರ್ಟ್‌ನಲ್ಲಿ ಎರಡು ಕಿಲೋಮೀಟರ್ ನಡೆದು ಹುಡುಕಿದ ಉತ್ತರ

ವಿಡಿಯೋ ನೋಡೋಕೆ ಟೈಮ್ ಇಲ್ಲ, ಲೋಕಲ್ ಟ್ರೈನಲ್ಲೋ ಮೀಟಿಂಗ್ ಮಧ್ಯದಲ್ಲೋ ಓದ್ಕೋತೀವಿ ಅನ್ನೋರಿಗಾಗಿ ಈ ವಾರದ ಮಾತನ್ನ ಎಂದಿನ ಹಾಗೆ ಬರಹದಲ್ಲಿ ಕೊಡ್ತಾ ಇದ್ದೀನಿ.

ಮೊದಲು ಒಂದು ಹಳೇ ಗಾಯದ ಕಥೆ. ಡಿಗ್ರಿ ಓದುವಾಗ ಒಂದು ಕ್ಯಾಂಪಿಗೆ ಹೋಗಿದ್ದೆ. ಅಲ್ಲಿ ನಮ್ಮ ಕೈಗೆ .303 ರೈಫಲ್ ಕೊಟ್ರು. ನನ್ನ ಎತ್ತರ ಐದಡಿ ಒಂದಿಂಚು. ಐದು ಗುಂಡು ಹೊಡೆದೆ, ಗುರಿಹಲಗೆಯಲ್ಲಿ ಎರಡೇ ತೂತು. ಬಲಗೈ ಮೇಲ್ಭಾಗ ಒಂದು ವಾರ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಕಲಿಸ್ತಿದ್ದವರು ನಕ್ಕು, "ಹುಡುಗೀರು ಸದ್ದಿಗೇ ಹೆದರ್ತಾರೆ" ಅಂದ್ರು. ನಾನೂ ಹಾಗೇ ಅಂದ್ಕೊಂಡೆ. ಹದಿನೈದು ವರ್ಷ ಹಾಗೇ ಅಂದ್ಕೊಂಡಿದ್ದೆ.

ಆಮೇಲೆ ಕೆಲಸಕ್ಕೆ ಅಂತ ಮುಂಬೈಗೆ ಬಂದೆ, ಫೋರ್ಟ್‌ನಲ್ಲಿ ಆಫೀಸು. ಸಹೋದ್ಯೋಗಿ ಒಬ್ಬರು ಭಾನುವಾರ ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋದ್ರು. ಅಲ್ಲಿದ್ದ ವಯಸ್ಸಾದ ಕೋಚ್ ಗುರಿಯ ಬಗ್ಗೆ ಮಾತೇ ಎತ್ತಲಿಲ್ಲ. ಮೊದಲು ನನ್ನ ಮೊಣಕೈ ಮಡಿಸಿ, ರೈಫಲ್‌ನ ಹಿಂತುದಿಯನ್ನ ಅಲ್ಲಿಗೆ ತಾಗಿಸಿ, ಬೆರಳು ಟ್ರಿಗರ್‌ಗೆ ಎಟುಕುತ್ತಾ ನೋಡಿದ್ರು. ಎಟುಕಲಿಲ್ಲ. "ಇದು ನಿಮಗೆ ಒಂದಿಂಚು ಉದ್ದ" ಅಂದ್ರು, ಅಷ್ಟೇ. ಸ್ಟಾಕ್ ಗಿಡ್ಡ ಇರೋ ಬೇರೆ ರೈಫಲ್ ಕೊಟ್ರು. ಅವತ್ತು ನನ್ನ ಐದೂ ಗುಂಡು ಹಲಗೆ ಮೇಲೇ ಇದ್ವು.

ಸ್ಟಾಕ್ ಅಂದ್ರೆ ಬಂದೂಕಿನಲ್ಲಿ ನಾವು ಹಿಡಿಯೋ, ಹೆಗಲಿಗೆ ಆನಿಸೋ ಭಾಗ. ಹಳೇ ಕೋವಿಗಳಲ್ಲಿ ಅದು ಮರದ್ದು. ಅದರ ಅಳತೆ ಯಾಕೆ ಮುಖ್ಯ? ಟ್ರಿಗರ್‌ನಿಂದ ಹೆಗಲಿನವರೆಗಿನ ಉದ್ದ ಜಾಸ್ತಿ ಆದ್ರೆ ಮುಂದಿನ ಕೈ ಚಾಚಿಕೊಳ್ಳುತ್ತೆ, ಬೆನ್ನು ಹಿಂದಕ್ಕೆ ವಾಲುತ್ತೆ. ಬಟ್ ಹೆಗಲ ಗುಂಡಿಯಲ್ಲಿ ಕೂರದೆ ತೋಳಿನ ಕಡೆ ಜಾರುತ್ತೆ, ಒದೆತ ಮೂಳೆ ಮೇಲೆ ಬೀಳುತ್ತೆ. ತೀರಾ ಗಿಡ್ಡ ಆದ್ರೆ ಹೆಬ್ಬೆರಳು ಬಂದು ಮೂಗಿಗೆ ಬಡಿಯುತ್ತೆ, ದುರ್ಬೀನು ಹುಬ್ಬಿಗೆ. ಕೆನ್ನೆ ಆನಿಸೋ ಜಾಗ ತಗ್ಗಾಗಿದ್ರೆ ತಲೆ ಎತ್ತಿ ಗಾಳಿಯಲ್ಲಿ ಹಿಡಿಬೇಕು. ಆಗ ಪ್ರತಿ ಸಲವೂ ಕಣ್ಣು ಒಂದೊಂದು ಜಾಗಕ್ಕೆ ಬರುತ್ತೆ. ಕಣ್ಣಿನ ಜಾಗ ಬದಲಾದ್ರೆ ಗುಂಡಿನ ಜಾಗವೂ ಬದಲಾಗುತ್ತೆ.

ಇದನ್ನ ಪರೀಕ್ಷೆ ಮಾಡೋಕೆ ಸುಲಭದ ದಾರಿ ಇದೆ. ಖಾಲಿ ರೈಫಲ್‌ನಿಂದ ಗುರಿ ಹಿಡಿದು, ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕಣ್ಣು ತೆಗೀರಿ. ಗುರಿ ಪಕ್ಕಕ್ಕೆ ಸರಿದಿದ್ರೆ, ಅಲ್ಲಿವರೆಗೆ ನಿಮ್ಮ ಸ್ನಾಯುಗಳು ಬಂದೂಕಿನ ಜೊತೆ ಜಗಳ ಆಡ್ತಾ ಇದ್ವು ಅಂತರ್ಥ. ಸರಿಯಾಗಿ ಕೂತ್ಕೊಳ್ಳದೆ ಅದು ಗೊತ್ತಾಗಲ್ಲ. ಆಫೀಸಿನ ಕುರ್ಚಿ ಮಾನಿಟರ್‌ಗೆ ಸರಿಹೋಗದೆ ಕುತ್ತಿಗೆ ಹಿಡಿಸಿಕೊಂಡ ನಮಗೆಲ್ಲ ಇದು ಬೇಗ ಅರ್ಥ ಆಗುತ್ತೆ ಅಲ್ವಾ?

ಕೋಚ್ ಮಾತು ಕೇಳಿದ ಮೇಲೆ ಒಂದು ಪ್ರಶ್ನೆ ಹುಳದ ಹಾಗೆ ಕೊರೆಯೋಕೆ ಶುರುವಾಯ್ತು. ಇಷ್ಟು ಸರಳ ವಿಷಯ ಯಾವಾಗಿನಿಂದ ಗೊತ್ತಿತ್ತು? ಗೊತ್ತಿದ್ರೆ ನನಗೆ ಯಾಕೆ ಯಾರೂ ಹೇಳಲಿಲ್ಲ? ಉತ್ತರ ಹುಡುಕೋಕೆ ದೂರ ಹೋಗಬೇಕಾಗಿರಲಿಲ್ಲ. ಕಾಳಾ ಘೋಡಾದಿಂದ ಸಿಎಸ್‌ಟಿವರೆಗೆ ಸುಮಾರು ಎರಡು ಕಿಲೋಮೀಟರ್. ಆ ದಾರಿಯಲ್ಲೇ ಇತ್ತು.

ಮೊದಲ ನಿಲ್ದಾಣ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. 1905ರಲ್ಲಿ ಅಡಿಗಲ್ಲು ಹಾಕಿದ, 1922ರಲ್ಲಿ ಜನರಿಗೆ ತೆರೆದ ಹಳೇ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಅಲ್ಲಿ ಅಕ್ಬರನ ಎದೆಕವಚ ಇದೆ. ಚಕ್ರವರ್ತಿಯ ಕವಚ ಚಕ್ರವರ್ತಿಯ ಎದೆ ಅಳತೆಗೇ ಆಗಿರುತ್ತೆ, ಅದರಲ್ಲಿ ಆಶ್ಚರ್ಯ ಏನಿಲ್ಲ. ಆದ್ರೆ ಅದರ ಮುಂದೆ ನಿಂತಾಗ ನನಗೆ ಅನಿಸಿದ್ದು ಇಷ್ಟು: ಮೈಗೆ ತಕ್ಕ ಆಯುಧ ಅನ್ನೋದು ಹೊಸ ವಿಜ್ಞಾನ ಅಲ್ಲ, ಅದು ಹಳೇ ಸವಲತ್ತು.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದ್ರೆ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಆರ್ಮಿ ಅಂಡ್ ನೇವಿ ಬಿಲ್ಡಿಂಗ್. ಲಂಡನ್ನಿನ ಆರ್ಮಿ ಅಂಡ್ ನೇವಿ ಕೋಆಪರೇಟಿವ್ ಸೊಸೈಟಿ 1891ರಲ್ಲಿ ಬಾಂಬೆಯಲ್ಲಿ ಶಾಖೆ ತೆರೀತು. ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಅದು ಒಂಥರಾ ಆ ಕಾಲದ ಅಮೆಜಾನ್. ಇಟ್ಟಿಗೆ ದಪ್ಪದ ಕ್ಯಾಟಲಾಗ್, ಅದರಲ್ಲಿ ಡೇರೆ, ಟೋಪಿ, ಟಿನ್ ಬಿಸ್ಕತ್ತು, ಶಿಕಾರಿ ಬಂದೂಕು. ಅದೇ ಕಾಲದ ಇಂಗ್ಲಿಷ್ ಬಂದೂಕು ತಯಾರಕರ ಹತ್ತಿರ 'ಟ್ರೈ ಗನ್' ಅನ್ನೋ ಸಾಧನ ಇತ್ತು. ಅದು ಗುಂಡು ಹೊಡೆದು ಸಾಯಿಸೋಕಲ್ಲ, ಅಳತೆ ತೆಗೆಯೋಕೆ. ಸ್ಟಾಕ್‌ನಲ್ಲಿ ಕೀಲುಗಳು. ಗಿರಾಕಿ ಅದನ್ನ ಹೆಗಲಿಗೆ ಏರಿಸಿದಾಗ ಉದ್ದ, ಇಳಿಜಾರು, ಪಕ್ಕಕ್ಕೆ ಎಷ್ಟು ಬಾಗಬೇಕು ಅಂತ ತಿರುಪು ತಿರುಗಿಸಿ ಗುರುತು ಮಾಡ್ಕೊಳ್ತಿದ್ರು. ಆಮೇಲೆ ವಾಲ್‌ನಟ್ ಮರದಲ್ಲಿ ಅದೇ ಅಳತೆಗೆ ಕೆತ್ತೋದು. ಥೇಟ್ ದರ್ಜಿ ಕೆಲಸ. ಬಾತುಕೋಳಿ ಹೊಡೆಯೋ ಸಾಹೇಬರ ಹೆಗಲಿಗೆ ಹೀಗೆ ಕಾಲಿಂಚಿನ ಲೆಕ್ಕದ ಮರ್ಯಾದೆ ಸಿಗ್ತಿತ್ತು.

ಮುಂದೆ ಫ್ಲೋರಾ ಫೌಂಟನ್, ಈಗಿನ ಹುತಾತ್ಮ ಚೌಕ. ನಾವು ದಿನಾ 'ಫೋರ್ಟ್' ಅಂತೀವಲ್ಲ, ಆ ಕೋಟೆಯ ಚರ್ಚ್ ಗೇಟ್ ಇದ್ದಿದ್ದು ಇಲ್ಲೇ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ ಕೋಟೆ ಗೋಡೆ ಒಡೆಸಿದ್ರು, ಕಾರಂಜಿ 1864ರಲ್ಲಿ ಬಂತು. ಅಷ್ಟು ಹೊತ್ತಿಗೆ ಯುದ್ಧದ ರೀತಿಯೇ ಬದಲಾಗಿತ್ತು. ನಳಿಕೆ ಒಳಗೆ ನುಣುಪಾಗಿದ್ದ ಮಸ್ಕೆಟ್ ಕಾಲದಲ್ಲಿ ಸಾಲಾಗಿ ನಿಂತು ಎದುರಿನ ಗುಂಪಿನ ಕಡೆ ಹೊಡೆದ್ರೆ ಸಾಕಿತ್ತು. ನಳಿಕೆಯೊಳಗೆ ಸುರುಳಿ ಗೀರು ಇರೋ ರೈಫಲ್ ಬಂದ ಮೇಲೆ ಒಬ್ಬ ಸಿಪಾಯಿ ನೂರಾರು ಗಜ ದೂರದ ಒಬ್ಬನಿಗೆ ಗುರಿ ಇಡೋದು ಸಾಧ್ಯ ಆಯ್ತು. ಅಂದ್ರೆ ಸಾಮಾನ್ಯ ಸಿಪಾಯಿಯ ಕೆನ್ನೆ ಎಲ್ಲಿ ಆನುತ್ತೆ ಅನ್ನೋದೂ ಸೈನ್ಯದ ಸಮಸ್ಯೆ ಆಯ್ತು.

ಸೈನ್ಯ ಇದನ್ನ ಅರ್ಥ ಮಾಡ್ಕೊಂಡಿತ್ತು ಅನ್ನೋಕೆ ಸಾಕ್ಷಿ ನನಗೆ ಪೆಟ್ಟು ಕೊಟ್ಟ ಅದೇ .303. ಲೀ-ಎನ್‌ಫೀಲ್ಡ್‌ನ 1907ರ ಮಾರ್ಕ್ 3, ಆಮೇಲೆ ನಮ್ಮ ಇಚಾಪುರ ಕಾರ್ಖಾನೆಯಲ್ಲೂ ತಯಾರಾದ ರೈಫಲ್. ಅದರ ಮರದ ಬಟ್ ಬೇರೆ ತುಂಡು, ಒಂದು ಉದ್ದ ಬೋಲ್ಟ್ ಬಿಚ್ಚಿದ್ರೆ ಕೈಗೆ ಬರುತ್ತೆ. ಯಾಕೆ ಹಾಗೆ ಅಂದ್ರೆ ಬದಲಾಯಿಸೋಕೆ ಅನುಕೂಲ ಆಗ್ಲಿ ಅಂತ! ನಾರ್ಮಲ್, ಅದಕ್ಕಿಂತ ಅರ್ಧ ಇಂಚು ಗಿಡ್ಡದ ಶಾರ್ಟ್, ಅರ್ಧ ಇಂಚು ಉದ್ದದ ಲಾಂಗ್, ಒಂದಿಂಚು ಗಿಡ್ಡದ ಬ್ಯಾಂಟಮ್. ಮರದ ಮೇಲೇ ಎಸ್, ಎಲ್, ಬಿ ಅಂತ ಒತ್ತಿರ್ತಿದ್ರು. ಟೀ ಶರ್ಟ್ ಸೈಜ್ ಹಾಗೇನೇ.

ಇದನ್ನ ಓದಿದ ದಿನ ನನಗೆ ಸಿಟ್ಟು ಬಂತು. ನನಗೆ ಬೇಕಿದ್ದ ಒಂದಿಂಚು ನೂರು ವರ್ಷದ ಹಿಂದೆಯೇ ಲೆಕ್ಕದಲ್ಲಿತ್ತು! ಅಳತೆ ಗೊತ್ತಿತ್ತು, ಬಿಡಿಭಾಗ ಇತ್ತು, ಅಕ್ಷರವೂ ಇತ್ತು. ಬದಲಾಯಿಸಿ ಕೊಡುವ ಅಭ್ಯಾಸ ಮಾತ್ರ ದಾರಿಯಲ್ಲೆಲ್ಲೋ ಕಳೆದುಹೋಗಿತ್ತು. ಉಳಿದದ್ದು "ಹೆದರ್ತಾರೆ" ಅನ್ನೋ ಮಾತು.

ಮಡಿಕೇರಿ ಕಡೆಯ ಗೆಳತಿಗೆ ಇದನ್ನ ಹೇಳಿದಾಗ ಅವಳು ನಕ್ಕಳು. ಕೊಡಗಿನಲ್ಲಿ 1861ರಿಂದ ಬಂದ ವಿನಾಯಿತಿಯಿಂದಾಗಿ ಕೋವಿ ಅನ್ನೋದು ಮನೆಯ ಸದಸ್ಯನ ಹಾಗೆ. ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆ ಆಗುತ್ತೆ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆಗೆ ಹೊರಡುತ್ತೆ. "ಅಜ್ಜನ ಕೋವಿ ಅಜ್ಜನ ಹೆಗಲಿಗೆ ಸರಿ. ನನಗೆ ಅಂತ ಅಪ್ಪ ಬಟ್ ಕುಯ್ಸಿದ್ರು, ತಮ್ಮ ಬೆಳೆದು ಉದ್ದ ಆದಾಗ ರಬ್ಬರ್ ಪ್ಯಾಡ್ ಹಾಕ್ಸಿದ್ರು. ಅದಕ್ಕೇನು ಥಿಯರಿ ಬೇಕು?" ಅಂದಳು. ಮನೆಯವರ ಕೈಲಿ ಇದ್ದಾಗ ಬಂದೂಕು ಮನುಷ್ಯನಿಗೆ ಹೊಂದಿಕೊಳ್ಳುತ್ತೆ. ದಾಸ್ತಾನು ಕೋಣೆಯಿಂದ ಬಂದಾಗ ಮನುಷ್ಯನೇ ಹೊಂದಿಕೊಳ್ಳಬೇಕು.

ಕೊನೆಯ ನಿಲ್ದಾಣ ಸಿಎಸ್‌ಟಿ. 2008ರ ನವೆಂಬರ್ 26ರ ರಾತ್ರಿ ಇಲ್ಲಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಾವಲಿನಲ್ಲಿದ್ದ ಪೊಲೀಸರ ಕೈಲಿ ಲಾಠಿ, ಇಲ್ಲವೇ ಹಳೇ ರೈಫಲ್, ಎದುರಿಗೆ ಎಕೆ. ಇನ್‌ಸ್ಪೆಕ್ಟರ್ ಶಶಾಂಕ್ ಶಿಂದೆ ಇಲ್ಲೇ ಪ್ರಾಣ ಕೊಟ್ಟರು. ರೈಲ್ವೆ ರಕ್ಷಣಾ ಪಡೆಯ ಜಿಲ್ಲು ಯಾದವ್ ಜೊತೆಗಾರನ ಕೈಯಿಂದ ರೈಫಲ್ ತೆಗೆದುಕೊಂಡು ಉಗ್ರರ ಮೇಲೆ ಗುಂಡು ಹಾರಿಸಿದರು. ಸ್ಟಾಕ್ ಸರಿ ಇದ್ದಿದ್ರೆ ಆ ರಾತ್ರಿ ಬೇರೆ ಆಗ್ತಿತ್ತು ಅಂತ ನಾನು ಹೇಳ್ತಾ ಇಲ್ಲ. ಅದು ಸುಳ್ಳಾಗುತ್ತೆ. ಆಯುಧ, ತರಬೇತಿ, ಕವಚ, ಎಲ್ಲದರಲ್ಲೂ ಕೊರತೆ ಇತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆಯವರ ಕೈಯ ರೈಫಲ್ ಹೆಗಲಿಗೇರಿಸಿದ ಆ ಚಿತ್ರ. ಕೆಳಗಿನ ದರ್ಜೆಯ ಪೇದೆಗೆ ಅಳತೆ ಅನ್ನೋದು ಯಾವತ್ತೂ ಬರಲ್ಲ. ಕೈಗೆ ಸಿಕ್ಕಿದ್ದರಲ್ಲಿ ಧೈರ್ಯ ಮಾಡಬೇಕು. ಉತ್ತರ ಪ್ರದೇಶದ ಪೊಲೀಸರು .303ಗೆ ವಿದಾಯ ಹೇಳಿದ್ದೇ 2020ರ ಗಣರಾಜ್ಯೋತ್ಸವದಲ್ಲಿ.

ಆಟದ ಜಗತ್ತಿನಲ್ಲಿ ಮಾತ್ರ ಲೆಕ್ಕ ತಿರುಗಿದೆ. ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಅದರಲ್ಲೇ. ಈಗಿನ ಸ್ಪರ್ಧೆಯ ರೈಫಲ್ ನೋಡಿ: ಕೆನ್ನೆಯ ಭಾಗ ಮೇಲೆ ಕೆಳಗೆ, ಬಟ್ ಹಿಂದೆ ಮುಂದೆ, ಎಲ್ಲಾ ತಿರುಪು. ಯಾರಾದ್ರೂ "ಹೆದರ್ತೀಯ" ಅನ್ನೋ ಮೊದಲು ತಿರುಪು ತಿರುಗಿಸಿ ನೋಡ್ತಾರೆ.

ಅಮೆರಿಕದ ವಾಯುಸೇನೆ 1950ರಲ್ಲಿ 4,063 ಪೈಲಟ್‌ಗಳ ಮೈ ಅಳೆಸಿತ್ತು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕ ಹತ್ತು ಅಳತೆಗಳನ್ನ ತಗೊಂಡು, ಹತ್ತರಲ್ಲೂ ಸರಾಸರಿ ಇರೋರು ಎಷ್ಟು ಜನ ಅಂತ ಹುಡುಕಿದ. ಒಬ್ಬರೂ ಇರಲಿಲ್ಲ. 'ನಾರ್ಮಲ್' ಅಂತ ಮುದ್ರೆ ಒತ್ತಿದ ಮನುಷ್ಯ ಎಲ್ಲೂ ಇಲ್ಲ.

ಊರು ಬಿಟ್ಟು ಬಂದ ನಾವು ಎಷ್ಟೋ ಕುರ್ಚಿಗೆ, ಎಷ್ಟೋ ಭಾಷೆಗೆ, ಎಷ್ಟೋ ಆಫೀಸಿನ ಅಳತೆಗೆ ಮೈ ಬಗ್ಗಿಸಿದ್ದೀವಿ. ಹೊಂದದೆ ಹೋದಾಗ ನಮ್ಮದೇ ತಪ್ಪು ಅಂದ್ಕೊಂಡಿದ್ದೀವಿ. ಕೆಲವು ಸಲ ನಮ್ಮದೇ ಇರಬಹುದು. ಆದ್ರೆ ಮುಂದಿನ ಸಲ ನಿಮ್ಮ ಟೀಮಿನ ಹೊಸ ಹುಡುಗಿ ಗುರಿ ತಪ್ಪಿದಾಗ, ನಗೋ ಮೊದಲು ಅವಳ ಮೊಣಕೈ ಅಳತೆ ನೋಡಿ. ಬೇಕಾಗಿರೋದು ಒಂದಿಂಚು ಇರಬಹುದು, ಅದು ಪಕ್ಕದ ಕಪಾಟಿನಲ್ಲೇ ಇರಬಹುದು.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಬೆನ್ನು ನೇರ ಇಟ್ಕೊಳ್ಳಿ.