ಹುಟ್ಟು ಹಾಕುವ ವಿದ್ಯೆ: ಕೃಷ್ಣಾತೀರದ ಕಡವುಗಳೂ ಕಾಲೇಜಿನ ನೌಕಾಕೂಟಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಭೂಪಟವನ್ನು ಎದುರಿಗಿಟ್ಟುಕೊಂಡು ನೋಡಿದವರಿಗೆ ಊರುಗಳಿಗಿಂತ ಮೊದಲು ನೀರೇ ಕಣ್ಣಿಗೆ ಬೀಳುತ್ತದೆ. ವೇದಗಂಗೆಯು ದೂಧಗಂಗೆಯನ್ನು ಕೂಡುವುದೂ, ಆ ದೂಧಗಂಗೆಯು ಕಲ್ಲೋಳ-ಯಡೂರುಗಳ ಬಳಿಯಲ್ಲಿ ಕೃಷ್ಣೆಗೆ ಸೇರುವುದೂ ಈ ಸೀಮೆಯಲ್ಲಿಯೇ. ಅಲ್ಲಿಂದ ಮುಂದೆ ಕೃಷ್ಣೆಯು ಬಲಕ್ಕೆ ರಾಯಬಾಗವನ್ನೂ ಎಡಕ್ಕೆ ಕಾಗವಾಡ ಅಥಣಿಗಳನ್ನೂ ಇಟ್ಟುಕೊಂಡು ಮೂಡಣಕ್ಕೆ ಸಾಗುತ್ತಾಳೆ. ಇಷ್ಟು ನೀರಿದ್ದೂ, ಕಾಲೇಜಿನ ನೌಕಾಕೂಟ ಎಂದೊಡನೆ ನೆನಪಿಗೆ ಬರುವ ಊರುಗಳಲ್ಲಿ ಇವು ಸೇರಿಲ್ಲ. ಆ ಕೀರ್ತಿ ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಿಗೆ ಸಂದಿತು; ನಮಗೆ ಸಮೀಪದಲ್ಲಿ ಪುಣೆಗೆ ಸಂದಿತು. ಇದಕ್ಕೆ ಕಾರಣವೇನೆಂದು ವಿಚಾರಿಸಹೊರಟರೆ ಪ್ರಶ್ನೆಯು ಬರಿಯ ಆಟದ ಇತಿಹಾಸವಾಗಿ ಉಳಿಯುವುದಿಲ್ಲ. ದೋಣಿ ನಡೆಸುವ ವಿದ್ಯೆಯು ಯಾರದು, ಅದನ್ನು ಹೊಟ್ಟೆಯ ಪಾಡಿಗಾಗಿ ಕಲಿತವನಿಗೆ ಪಂದ್ಯದಲ್ಲಿ ನಿಲ್ಲುವ ಹಕ್ಕುಂಟೆ, ಎಂಬ ಬಿರುಸಾದ ಪ್ರಶ್ನೆಗೆ ಅದು ನಮ್ಮನ್ನು ಒಯ್ಯುತ್ತದೆ.

ಮೊದಲು ಮಾತಿನ ವಿಚಾರ. ಕನ್ನಡದಲ್ಲಿ ದೋಣಿ, ಓಡ, ನಾವೆ, ಹರಿಗೋಲು, ತೆಪ್ಪ ಎಂದು ತೇಲುವ ವಸ್ತುಗಳಿಗೆ ಬೇರೆ ಬೇರೆ ಹೆಸರುಗಳುಂಟು. ಆದರೆ ಅವುಗಳನ್ನು ಮುಂದೊತ್ತುವ ಸಾಧನಕ್ಕೆ ಹುಟ್ಟು ಎಂಬುದೊಂದೇ ಹೆಸರು. ಆಳವಿಲ್ಲದಲ್ಲಿ ಊರಿ ನೂಕುವ ಗಳ ಬೇರೆ. ಇಂಗ್ಲಿಷಿನವರು ದೋಣಿಯ ಅಂಚಿಗೆ ತೊಡಿಸಿ ಹಿಂದುಮುಂದಾಗಿ ಕುಳಿತು ಜಗ್ಗುವ ಹುಟ್ಟಿಗೆ ಒಂದು ಹೆಸರನ್ನೂ, ಎರಡು ಕೈಗಳಲ್ಲಿ ಸಡಿಲವಾಗಿ ಹಿಡಿದು ಮುಂದುನೋಡುತ್ತ ತೋಡುವ ಹುಟ್ಟಿಗೆ ಇನ್ನೊಂದು ಹೆಸರನ್ನೂ ಇಟ್ಟಿದ್ದಾರೆ. ನಮ್ಮಲ್ಲಿ ಈ ಭೇದವು ಹುಟ್ಟಲಿಲ್ಲ. ಇದು ಭಾಷೆಯ ಬಡತನವೆಂದು ತಿಳಿಯಲಾಗದು. ನದಿಯ ಸ್ವಭಾವವೇ ಅದಕ್ಕೆ ಕಾರಣ. ಬಂಡೆ, ಸುಳಿ, ಮರಳುದಿನ್ನೆಗಳುಳ್ಳ ಹೊಳೆಯಲ್ಲಿ ಬೆನ್ನು ಮುಂದುಮಾಡಿ ಕುಳಿತು ದೋಣಿ ನಡೆಸುವ ಅಂಬಿಗನು ಬಹುಕಾಲ ಬಾಳಲಾರನು.

ಹರಿಗೋಲಿನ ಬಗೆಗೆ ಪರದೇಶದವರ ಸಾಕ್ಷ್ಯವೊಂದುಂಟು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ವ್ಯಾಪಾರಿ ಡೊಮಿಂಗೊ ಪಾಯಸನು ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟುವ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ; ಹದಿನೈದು ಇಪ್ಪತ್ತು ಜನರನ್ನು ಅದು ಹೊರುತ್ತಿತ್ತು; ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹೊರುತ್ತಿತ್ತು. ಇತರ ದೋಣಿಗಳಂತೆ ನೇರವಾಗಿ ಹೋಗಲಾರದೆ ಅದು ಸದಾ ಗಿರಗಿರನೆ ತಿರುಗುತ್ತಲೇ ಸಾಗುವುದನ್ನು ಅವನು ವಿಶೇಷವಾಗಿ ಗಮನಿಸಿದನು. ಇಲ್ಲಿ ಆ ಕಾಲದ ಅಂಬಿಗನ ಕುಶಲತೆಯು ಅಡಗಿದೆ. ತಿರುಗುವ ದೋಣಿಯನ್ನು ತಿರುಗಗೊಡುತ್ತಲೇ ಆಚೆಯ ದಡದ ಗೊತ್ತಾದ ಕಲ್ಲಿಗೆ ಮುಟ್ಟಿಸುವುದು ಅವನ ವಿದ್ಯೆ. ವೇಗವು ಅದರ ಗುರಿಯಲ್ಲ. 1803ರಲ್ಲಿ ದಕ್ಷಿಣದಿಂದ ಪುಣೆಯತ್ತ ನಡೆದ ಜನರಲ್ ವೆಲ್ಲೆಸ್ಲಿಯು ಮಳೆಗಾಲದ ಹೊಳೆಗಳನ್ನು ನಂಬಿ ಯುದ್ಧದ ಲೆಕ್ಕ ಹಾಕಿದವನು. ತುಂಬಿದ ನದಿಯನ್ನು ಶತ್ರುವಿನ ಕುದುರೆಪಡೆ ದಾಟಲಾರದು, ಬುಟ್ಟಿದೋಣಿಗಳಿದ್ದರೆ ತನ್ನ ಸೈನ್ಯ ದಾಟಬಲ್ಲುದು ಎಂದು ಅವನು ಅವುಗಳನ್ನು ಮಾಡಿಸಲು ಆಜ್ಞೆಗಳನ್ನು ಕಳುಹಿಸಿದನು. ಮುಂದೆ ವಾಟರ್ಲೂ ಗೆದ್ದವನ ಒಂದು ಬಲವು ನಮ್ಮ ಬುಟ್ಟಿ ಹೆಣೆಯುವವರ ಕೈಯಲ್ಲಿತ್ತು ಎಂದರೆ ಅತಿಶಯೋಕ್ತಿಯಾಗದು.

ಮುಂಬಯಿ ಇಲಾಖೆಯಲ್ಲಿ 1868ರಲ್ಲಿ ಕಡವುಗಳ ಕಾಯಿದೆಯು ಜಾರಿಗೆ ಬಂದಿತು. ಅದರಿಂದ ಸಾರ್ವಜನಿಕ ಕಡವುಗಳು ಸರಕಾರದ ಅಂಕಿತಕ್ಕೆ ಒಳಪಟ್ಟು, ದಾಟುವ ಸುಂಕವನ್ನು ಗುತ್ತಿಗೆಗೆ ಕೊಡುವ ಪದ್ಧತಿಯು ನೆಲೆಗೊಂಡಿತು. ಚಿಕ್ಕೋಡಿ ಅಥಣಿಗಳು ಆಗ ಬ್ರಿಟಿಷರ ಬೆಳಗಾಂವಿ ಜಿಲ್ಲೆಗೆ ಸೇರಿದ್ದವು. ರಾಯಬಾಗವು 1949ರವರೆಗೂ ಕೊಲ್ಲಾಪುರ ಸಂಸ್ಥಾನದ್ದು. ಒಂದೇ ಹೊಳೆಯ ಎರಡು ದಂಡೆಗಳಿಗೆ ಎರಡು ದೊರೆತನ! ಇನ್ನು 1890ರ ಹೊತ್ತಿಗೆ ಪುಣೆಯಿಂದ ಲೋಂಡಾದವರೆಗಿನ ರೈಲುಮಾರ್ಗವು ಪೂರ್ತಿಯಾಗಿ, ಉಗಾರ ಖುರ್ದ ಕುಡಚಿಗಳ ನಡುವೆ ಕೃಷ್ಣೆಯನ್ನು ಸೇತುವೆಯ ಮೇಲೆ ದಾಟಿತು. ಅಂಬಿಗನ ಬಾಳಿಗೆ ಮೊದಲ ಪೆಟ್ಟು ಬಿದ್ದುದು ಅಂದು.

ಈಗ ಆಂಗ್ಲರ ದೇಶದತ್ತ ತಿರುಗೋಣ. ಅಲ್ಲಿಯೂ ಮೊದಲು ದೋಣಿ ಪಂದ್ಯವಾಡಿದವರು ವಿದ್ಯಾರ್ಥಿಗಳಲ್ಲ, ಅಂಬಿಗರು. ಥೇಮ್ಸ್ ನದಿಯಲ್ಲಿ ಜನರನ್ನು ದಾಟಿಸುವವರಿಗೆ ತಮ್ಮದೇ ಒಂದು ಸಂಘವಿದ್ದಿತು. ವರ್ಷಗಟ್ಟಲೆ ಗುರುವಿನ ಕೈಕೆಳಗೆ ಕಲಿತ ಹೊರತು ಅವರಿಗೆ ಸನ್ನದು ದೊರೆಯುತ್ತಿರಲಿಲ್ಲ. ಹಾಗೆ ಕಲಿಕೆ ಮುಗಿಸಿದ ತರುಣರಿಗಾಗಿ 1715ರಲ್ಲಿ ಥಾಮಸ್ ಡಾಗೆಟ್ ಎಂಬ ನಟನು ಲಂಡನ್ ಸೇತುವೆಯಿಂದ ಚೆಲ್ಸಿಯವರೆಗೆ ಒಂದು ಪಂದ್ಯವನ್ನು ಏರ್ಪಡಿಸಿ, ಗೆದ್ದವನಿಗೆ ಕೆಂಪು ಅಂಗಿಯನ್ನೂ ಬೆಳ್ಳಿಯ ಬಿಲ್ಲೆಯನ್ನೂ ಕೊಟ್ಟನು. ಕಾಲೇಜುಗಳ ಪಂದ್ಯವು ಇದಕ್ಕೆ ಸರಿಯಾಗಿ ನೂರು ವರ್ಷ ಕಿರಿದು: ಆಕ್ಸ್‌ಫರ್ಡಿನಲ್ಲಿ 1815ರಿಂದ ಅದರ ದಾಖಲೆ ದೊರೆಯುತ್ತದೆ. ಎರಡು ವಿಶ್ವವಿದ್ಯಾಲಯಗಳ ಪ್ರಸಿದ್ಧ ಪಂದ್ಯವು ಮೊದಲು ನಡೆದುದು 1829ರ ಜೂನ್ 10ರಂದು, ಹೆನ್ಲಿಯಲ್ಲಿ. ಅದನ್ನು ಹೂಡಿದವರಲ್ಲಿ ಒಬ್ಬನಾದ ಚಾರ್ಲ್ಸ್ ವರ್ಡ್ಸ್‌ವರ್ತನು ಕವಿ ವರ್ಡ್ಸ್‌ವರ್ತನ ತಮ್ಮನ ಮಗನೆಂಬುದು ಸಾಹಿತ್ಯದ ಉಪಾಧ್ಯಾಯರಿಗೆ ರುಚಿಸಬಹುದು. 1845ರಿಂದ ಪಂದ್ಯವು ಪಟ್ನಿಯಿಂದ ಮಾರ್ಟ್‌ಲೇಕಿನ ದಾರಿಗೆ ಬಂದಿತು. ಉದ್ದ ನಾಲ್ಕು ಮೈಲು 374 ಗಜ.

ಆದರೆ ಕಾಲೇಜಿನ ಸತ್ರದ ದಿನಚರಿಯನ್ನು ತಿಳಿಯಬೇಕಾದರೆ ಈ ದೊಡ್ಡ ಪಂದ್ಯಕ್ಕಿಂತ ಒಳಗಿನ ಪಂದ್ಯಗಳನ್ನೇ ನೋಡಬೇಕು. ಆಕ್ಸ್‌ಫರ್ಡಿನಲ್ಲಿ ವರ್ಷಕ್ಕೆ ಮೂರು ಸತ್ರಗಳು. ಒಂದೊಂದೂ ಎಂಟು ವಾರ. ಅಕ್ಟೋಬರದಲ್ಲಿ ಆರಂಭವಾಗುವ ಮೊದಲ ಸತ್ರದಲ್ಲಿ ಹುಟ್ಟನ್ನೇ ಹಿಡಿಯದ ಹೊಸಬರನ್ನು ತಂದು ಅಗಲವಾದ, ಮಗುಚದ ದೋಣಿಗಳಲ್ಲಿ ಕೂಡ್ರಿಸಿ, ಮೈ ಬಗ್ಗಿಸುವುದು, ಹುಟ್ಟನ್ನು ನೀರಿಗಿಳಿಸುವುದು, ಕಾಲಿನಿಂದ ಒದ್ದು ಜಗ್ಗುವುದು, ನೀರು ಚಿಮ್ಮದಂತೆ ಮೇಲೆತ್ತುವುದು, ಇಷ್ಟನ್ನೇ ದಿನದಿನವೂ ತಿದ್ದುವರು. ಬಳಿಕ ಎಂಟು ಜನರ ದೋಣಿ. ಅದು ಅರವತ್ತು ಅಡಿಯಷ್ಟು ಉದ್ದ. ಅಗಲ ಎರಡು ಅಡಿ ಮಾತ್ರ. ಒಬ್ಬನ ಕೈ ಒಂದು ಅಂಗುಲ ತಗ್ಗಿದರೆ ಏಳು ಜನರ ಹುಟ್ಟು ತಪ್ಪುತ್ತದೆ. ಹಿಂತುದಿಗೆ ಹತ್ತಿರ ಕುಳಿತವನು ಲಯವನ್ನು ಕೊಡುವನು. ಉಳಿದವರು ಮುಂದಿನವನ ಬೆನ್ನನ್ನಲ್ಲದೆ ಬೇರೇನನ್ನೂ ನೋಡರು. ಚುಕ್ಕಾಣಿ ಹಿಡಿದ ಒಂಬತ್ತನೆಯವನೊಬ್ಬನಿಗೇ ದಾರಿ ಕಾಣುವುದು. ಅವನು ಆದಷ್ಟು ಹಗುರಾದ ಆಳಾಗಿರಬೇಕು, ಗಂಟಲು ಮಾತ್ರ ದೊಡ್ಡದಿರಬೇಕು. ಜನವರಿಯ ಸತ್ರದಲ್ಲಿ ಮೊದಲ ಪಂದ್ಯ. ಬೇಸಗೆಯ ಸತ್ರದಲ್ಲಿ ದೊಡ್ಡದು, ನಾಲ್ಕು ದಿನ.

ಈ ಪಂದ್ಯದ ಕಟ್ಟಳೆ ವಿಚಿತ್ರವಾದುದು, ಮತ್ತು ಅದು ಹೊಳೆಯೇ ಕಲಿಸಿದ ಕಟ್ಟಳೆ. ಐಸಿಸ್ ಮತ್ತು ಕ್ಯಾಮ್ ಎರಡೂ ಇಕ್ಕಟ್ಟಾದ ಹೊಳೆಗಳು. ಎರಡು ದೋಣಿಗಳು ಹೆಗಲೆಣೆಯಾಗಿ ಓಡಲು ಅವಕಾಶವಿಲ್ಲ. ಆದುದರಿಂದ ದೋಣಿಗಳನ್ನು ಒಂದರ ಹಿಂದೊಂದು, ಸುಮಾರು ಒಂದೂವರೆ ದೋಣಿಯ ಅಂತರದಲ್ಲಿ ನಿಲ್ಲಿಸಿ, ತೋಪಿನ ಸದ್ದಿಗೆ ಒಮ್ಮೆಲೆ ಬಿಡುವರು. ಹಿಂದಿನದು ಮುಂದಿನದನ್ನು ಅಟ್ಟಿ ತಾಗಬೇಕು. ತಾಗಿದರೆ ಮರುದಿನ ಅವೆರಡರ ಸ್ಥಾನ ಅದಲುಬದಲು. ಹೀಗೆ ಒಂದು ವರ್ಷ ನಿಂತ ಸ್ಥಾನದಿಂದಲೇ ಮರುವರ್ಷ ಹೊರಡುವರಾದ್ದರಿಂದ ಈ ಪಂದ್ಯಕ್ಕೆ ಕೊನೆಯೆಂಬುದೇ ಇಲ್ಲ. ಅಜ್ಜ ಕಳೆದುಕೊಂಡ ಸ್ಥಾನವನ್ನು ಮೊಮ್ಮಗನು ಮರಳಿ ಪಡೆಯಬಹುದು. ನಮ್ಮ ಊರುಗಳ ಜಾತ್ರೆಯ ಮಾನಪಾನಗಳಿಗೆ ಇದು ಹೆಚ್ಚು ದೂರವಲ್ಲ.

ಶಿಕ್ಷಣದ ಕ್ರಮದಲ್ಲಿಯೂ ವಾದಗಳೆದ್ದವು. 1867ರಲ್ಲಿ ಸ್ಕೇ ಎಂಬ ಶಸ್ತ್ರವೈದ್ಯನು ಈ ಪಂದ್ಯಗಳು ತರುಣರ ಆಯುಷ್ಯವನ್ನೇ ಕೆಡಿಸುತ್ತವೆಂದು ಪತ್ರಿಕೆಯಲ್ಲಿ ಬರೆದನು. ಅದಕ್ಕುತ್ತರವಾಗಿ ಡಾ. ಮಾರ್ಗನ್ 1829ರಿಂದ 1869ರವರೆಗೆ ಪಂದ್ಯದಲ್ಲಿ ಕುಳಿತ 294 ಜನರ ಬಾಳನ್ನು ವಿಚಾರಿಸಿ, ಅವರು ಸಾಮಾನ್ಯರಿಗಿಂತ ಹೆಚ್ಚು ಕಾಲ ಬದುಕಿದರೆಂದು 1873ರಲ್ಲಿ ತೋರಿಸಿದನು. ಉಂಡುಟ್ಟು ಬೆಳೆದವರ ಆಯುಷ್ಯವನ್ನು ಎಲ್ಲರ ಆಯುಷ್ಯದೊಡನೆ ಹೋಲಿಸಿದ್ದು ಸರಿಯೆ ಎಂದು ಇಂದಿನವರು ಕೇಳದೆ ಇರರು. ದಿನವಿಡೀ ಹುಟ್ಟು ಹಾಕುತ್ತಿದ್ದ ಥೇಮ್ಸಿನ ಅಂಬಿಗರು ಆ ಲೆಕ್ಕದಲ್ಲಿ ಇರಲಿಲ್ಲ.

ಅಂಬಿಗರನ್ನು ಹೊರಗಿಟ್ಟುದು ಆ ಲೆಕ್ಕವೊಂದೇ ಅಲ್ಲ. ಮೊದಮೊದಲು ವಿದ್ಯಾರ್ಥಿಗಳಿಗೆ ಕಲಿಸಿದವರೂ, ಎಷ್ಟೋ ವೇಳೆ ಅವರ ಚುಕ್ಕಾಣಿ ಹಿಡಿದವರೂ ಅಂಬಿಗರೇ. 1879ರಲ್ಲಿ ಹೆನ್ಲಿಯ ಮೇಲ್ವಿಚಾರಕರು 'ಹವ್ಯಾಸಿ' ಎಂಬುದರ ಲಕ್ಷಣವನ್ನು ಬರೆದರು. ಸಂಬಳಕ್ಕಾಗಿ ದೋಣಿಯ ಕೆಲಸ ಮಾಡಿದವನು ಹವ್ಯಾಸಿಯಲ್ಲ; ಅಷ್ಟಕ್ಕೇ ನಿಲ್ಲದೆ, ಕೂಲಿಗಾಗಿ ಕೈಗೆಲಸ ಮಾಡುವ ಕಮ್ಮಾರ, ಬಡಗಿ, ಆಳುಮಕ್ಕಳು ಯಾರೂ ಹವ್ಯಾಸಿಗಳಲ್ಲ! 1882ರಲ್ಲಿ ಸ್ಥಾಪಿತವಾದ ಹವ್ಯಾಸಿಗಳ ಸಂಘವೂ ಇದನ್ನೇ ಹಿಡಿಯಿತು. ಇದಕ್ಕೊಪ್ಪದವರು 1890ರಲ್ಲಿ ಬೇರೆಯೇ ಸಂಘ ಕಟ್ಟಿಕೊಂಡರು. 1920ರಲ್ಲಿ ಅಮೇರಿಕದ ಜಾನ್ ಕೆಲಿಗೆ ಹೆನ್ಲಿಯಲ್ಲಿ ಪ್ರವೇಶ ದೊರೆಯಲಿಲ್ಲ. ಆತನ ಸಂಘದ ಮೇಲಿದ್ದ ನಿಷೇಧವೊಂದು, ಆತನು ಇಟ್ಟಿಗೆ ಕಟ್ಟುವ ಕೆಲಸ ಮಾಡಿದವನೆಂಬುದೊಂದು ಕಾರಣ. ಅದೇ ವರ್ಷ ಆತನು ಆಂಟ್‌ವರ್ಪಿನ ಒಲಿಂಪಿಕ್ ಪಂದ್ಯದಲ್ಲಿ ಚಿನ್ನ ಗೆದ್ದನು. 1936ರಲ್ಲಿ ಆಸ್ಟ್ರೇಲಿಯದ ಪೋಲೀಸರ ತಂಡವನ್ನೂ ತಿರುಗಿ ಕಳುಹಿಸಿದ ಮೇಲೆ ಅಪವಾದ ತಾಳಲಾರದೆ 1937ರಲ್ಲಿ ಹೆನ್ಲಿಯವರು ಕೈಗೆಲಸದವರ ಮೇಲಿನ ಆ ನಿಬಂಧನೆಯನ್ನು ತೆಗೆದುಹಾಕಿದರು.

ಕನ್ನಡ ಓದಿದವನಿಗೆ ಈ ಸ್ಥಳದಲ್ಲಿ ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ನೆನಪಾಗದಿರದು. ಇತರ ವಚನಕಾರರಲ್ಲಿ ಹೆಚ್ಚಿನವರು ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟುಕೊಂಡಿರುವಲ್ಲಿ, ಈತನು ಕಸಬಿನೊಡನೆ ಕೂಡಿದ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟನು. ತುಂಗಭದ್ರೆಯ ದಂಡೆಯ ಚೌಡದಾನಪುರವು ಅವನ ಹೆಸರಿನೊಡನೆ ಬೆಸೆದ ಊರು. ಯಾವ ಕಸಬು ಹೆನ್ಲಿಯಲ್ಲಿ ಅನರ್ಹತೆಯಾಯಿತೋ ಅದು ಇಲ್ಲಿ ಕಾವ್ಯಮುದ್ರೆಯಾಯಿತು. ಇದರಿಂದ ನಮ್ಮ ಸಮಾಜವು ಅಂಬಿಗನನ್ನು ಗೌರವಿಸಿತೆಂದು ಹೇಳಹೊರಟರೆ ತಪ್ಪಾಗುವುದು. ಚೌಡಯ್ಯನ ಮಾತಿನ ಕಟುತ್ವವೇ ಅದಕ್ಕೆ ವಿರುದ್ಧವಾದ ಸಾಕ್ಷಿ. ಹೆನ್ಲಿಯವರು ಬರೆದಿಟ್ಟ ನಿಯಮವನ್ನು ನಮ್ಮವರು ಬರೆಯದೆಯೇ ಪಾಲಿಸಿದರು ಎಂಬುದೇ ನನ್ನ ಅಭಿಪ್ರಾಯ.

ಹಿಂದುಸ್ಥಾನದಲ್ಲಿ ಈ ಆಟವು ಅಧಿಕಾರಿಗಳ ಸಂಗಡ ಬಂದಿತು: ಕಲಕತ್ತೆಯ ಕೂಟವು 1858ರಲ್ಲಿ, ಮದರಾಸಿನದು 1867ರಲ್ಲಿ, ಪುಣೆಯ ಕನಾಟ್ ಕೂಟವು 1868ರಲ್ಲಿ ಹುಟ್ಟಿದವು. ಇವು ಬಹುಕಾಲ ಐರೋಪ್ಯರಿಗೇ ಮೀಸಲಾಗಿದ್ದವು. ಪುಣೆಯ ಇಂಜಿನಿಯರಿಂಗ್ ಕಾಲೇಜಿನ ನೌಕಾಕೂಟವು 1928ರಲ್ಲಿ ಮುಳಾ ನದಿಯ ದಂಡೆಯಲ್ಲಿ ಆರಂಭವಾದುದು ಈ ದೃಷ್ಟಿಯಿಂದ ಗಣನೀಯವಾದ ಘಟನೆ. 1854ರಲ್ಲಿ ಹುಟ್ಟಿದ ಈ ಕಾಲೇಜು ಕನ್ನಡಿಗರಿಗೆ ಹೊಸದಲ್ಲ. ವಿಶ್ವೇಶ್ವರಯ್ಯನವರು ಅಲ್ಲಿಂದಲೇ 1883ರಲ್ಲಿ ತೇರ್ಗಡೆಯಾದರು. (ಅವರು ಅಲ್ಲಿ ಹುಟ್ಟು ಹಾಕಿದರೆಂದು ಯಾರಾದರೂ ಬರೆದರೆ ನಂಬಲಾಗದು, ಕೂಟ ಹುಟ್ಟುವ ನಾಲ್ವತ್ತೈದು ವರ್ಷ ಮೊದಲೇ ಅವರು ಹೊರಬಿದ್ದಿದ್ದರು.) ಅಲ್ಲಿಯ ವಾರ್ಷಿಕ ಉತ್ಸವವಾದ ರೆಗಾಟಾದಲ್ಲಿ ಓಟದ ಪಂದ್ಯಕ್ಕಿಂತ ವ್ಯೂಹರಚನೆಗೇ ಹೆಚ್ಚು ಮನ್ನಣೆ. ಹಲವು ದೋಣಿಗಳು ಕೂಡಿ ಬಾಣದ ಆಕಾರವನ್ನು ತಾಳಿ ಚಲಿಸುವುದೂ, ಇರುಳಿನಲ್ಲಿ ಪಂಜುಗಳ ಕುಣಿತವೂ ನೋಡುವವರನ್ನು ಸೆಳೆಯುತ್ತವೆ. ಇಂಗ್ಲಂಡಿನ ಪಂದ್ಯವು ಇಲ್ಲಿ ಸವಾರಿಯ ರೂಪವನ್ನು ಹೊಂದಿತೆಂದು ಹೇಳಬಹುದು.

ಪುಣೆಗೆ ಒದಗಿದ ಅನುಕೂಲವೇನು? ನಿಂತ ನೀರು. ಜಮಶೇಟಜಿ ಜೀಜೀಭಾಯಿಯವರ ದಾನದಿಂದ 1850ರ ಸುಮಾರಿಗೆ ಕೆಳಗಡೆ ಕಟ್ಟಿದ ಒಡ್ಡು ಮುಳಾ-ಮುಠೆಯರ ನೀರನ್ನು ತಡೆದು ನಿಲ್ಲಿಸಿತು. ಕೃಷ್ಣೆಗೆ ನಮ್ಮ ಸೀಮೆಯಲ್ಲಿ ಅಂತಹ ಕಟ್ಟು ಆಗ ಇರಲಿಲ್ಲ. ವೈಶಾಖದಲ್ಲಿ ಮರಳು, ಆಷಾಢ ಶ್ರಾವಣಗಳಲ್ಲಿ ಕೆಂಪು ಮಹಾಪೂರ. ಇವೆರಡರ ನಡುವೆ ಅರವತ್ತಡಿಯ ತೆಳುದೋಣಿಗೆ ದೊರೆಯುವ ದಿನಗಳು ಕೆಲವೇ. ಮೇಲುಗಡೆ ಸಾಂಗಲಿಯ ಬಳಿಯಲ್ಲಿ ಊರೂರ ತರುಣರು ನಡೆಸುವ ದೋಣಿಯ ಪಂದ್ಯಗಳು ಮಳೆಗಾಲದ ತುಂಬುಹೊಳೆಯನ್ನೇ ಆಶ್ರಯಿಸಿರುವುದು ಇದಕ್ಕೆ ಪೋಷಕವಾಗಿದೆ. ಎರಡನೆಯ ಕಾರಣ ಕಾಲೇಜುಗಳದು. ಕೊಲ್ಲಾಪುರದ ರಾಜಾರಾಮ ಕಾಲೇಜು 1880ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ, ಸಾಂಗಲಿಯ ವಿಲಿಂಗ್‌ಡನ್ ಕಾಲೇಜು 1919ರಲ್ಲಿ, ಬೆಳಗಾಂವಿಯ ಲಿಂಗರಾಜ ಕಾಲೇಜು 1933ರಲ್ಲಿ ಹುಟ್ಟಿದವು. ಚಿಕ್ಕೋಡಿ ಅಥಣಿಗಳ ಹುಡುಗರು ಹೊಳೆಯನ್ನು ಬಿಟ್ಟು ಅಲ್ಲಿಗೆ ಹೋಗಿ ಓದಿದರು. ಚಿಕ್ಕೋಡಿ ನಿಪ್ಪಾಣಿಗಳಿಗೇ ಕಾಲೇಜು ಬರುವ ಕಾಲಕ್ಕೆ ಹುಟ್ಟು ಕಲಿಸಬಲ್ಲ ಕೈಗಳು ದಂಡೆಯ ಬೇರೆ ಕೆಲಸಗಳಿಗೆ ಹೊರಳಿದ್ದವು.

ಇಂದು ಕಲ್ಲೋಳ-ಯಡೂರು, ಕಾರದಗಾ-ಭೋಜ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ ಎಂಬ ಜೋಡಿ ಹೆಸರುಗಳನ್ನು ಮಳೆಗಾಲದ ವಾರ್ತೆಗಳಲ್ಲಿ ಓದುತ್ತೇವೆ. ಇವು ತಗ್ಗಾದ ಸೇತುವೆ-ಒಡ್ಡುಗಳ ಹೆಸರುಗಳು. ಎದುರುಬದುರಾದ ಎರಡು ಊರುಗಳನ್ನು ಕೂಡಿಸಿ ಕರೆಯುವ ಈ ರೀತಿಯು ಕಡವಿನ ಮಾತನ್ನೇ ಹೋಲುತ್ತದೆಂದು ನನಗೆ ತೋರುತ್ತದೆ. ಒಡ್ಡುಗಳು ಬಂದುದರಿಂದ ಹೊಳೆಯಲ್ಲಿ ಈಗ ಬೇಸಗೆಯಲ್ಲಿಯೂ ನಿಂತ ನೀರುಂಟು. ಪುಣೆಗೆ 1850ರಲ್ಲಿ ದೊರೆತ ಅನುಕೂಲವು ಇಲ್ಲಿ ಈಗ ದೊರೆತಿದೆ; ದಂಡೆಯ ಸೀಮೆಯಲ್ಲಿ ಕಾಲೇಜುಗಳೂ ಇವೆ. ದೋಣಿಯ ಮುಂತುದಿ, ಹಿಂತುದಿ, ಹುಟ್ಟಿನ ಹಿಡಿ, ಹಲಗೆ, ಸೆಳವಿನ ಬಗೆಗಳು, ಇವುಗಳಿಗೆ ಅಂಬಿಗರ ಮನೆಗಳಲ್ಲಿ ಆಡುವ ಮಾತುಗಳನ್ನು ಊರೂರಿಗೆ ಹೋಗಿ ಬರೆದುಕೊಳ್ಳುವ ಕೆಲಸವನ್ನು ಆ ಕಾಲೇಜುಗಳ ಕನ್ನಡ ಉಪಾಧ್ಯಾಯರು ಕೈಕೊಳ್ಳಬಹುದು. ಇಂಗ್ಲಿಷಿನ ಪದಗಳಿಗೆ ಕೋಣೆಯಲ್ಲಿ ಕುಳಿತು ಸಂಸ್ಕೃತದ ಹೊಸ ಮಾತು ಕಟ್ಟುವುದಕ್ಕೆ ಮೊದಲು ಅದಾಗಬೇಕು, ಮತ್ತು ಬೇಗನೆ ಆಗಬೇಕು. 2019ರ ಆಗಸ್ಟಿನ ಮಹಾಪೂರದಲ್ಲಿ ಕೃಷ್ಣಾತೀರದ ಊರುಗಳ ಜನರನ್ನು ದಾಟಿಸಲು ಬಂದವು ಯಂತ್ರ ಹೂಡಿದ ರಬ್ಬರಿನ ದೋಣಿಗಳು; ಅಂತಹ ದೋಣಿಯಲ್ಲಿ ಹುಟ್ಟು ಇರುವುದು ಯಂತ್ರ ಕೆಟ್ಟಾಗಿನ ಉಪಯೋಗಕ್ಕೆ.