ತನ್ನ ರಕ್ತ ತನಗೇ: ಒಂದು ಶಸ್ತ್ರಕ್ರಿಯೆಯ ಇತಿಹಾಸ ಮತ್ತು ನಮ್ಮ ಗಡಿಸೀಮೆ

ಶತಮಾನೋತ್ಸವದ ಅಂಗವಾಗಿ ಶಾಲೆಯ ಅಂಗಳದಲ್ಲಿ ಏರ್ಪಡಿಸಿದ್ದ ರಕ್ತದಾನ ಶಿಬಿರದ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅರ್ಜಿಯನ್ನು ಹಿಡಿದು ನನ್ನ ಬಳಿ ಬಂದಳು. ಮರಾಠಿಯಲ್ಲಿದ್ದ ಆ ಅರ್ಜಿಯಲ್ಲಿ, ಈ ಹಿಂದೆ ನಿಮಗೆ ರಕ್ತ ನೀಡಲಾಗಿದೆಯೇ ಎಂಬ ಪ್ರಶ್ನೆಯ ಮುಂದೆ ಅವಳ ಪೆನ್ನು ನಿಂತಿತ್ತು. “ಅಕ್ಕೋರ, ನನಗ ರಕ್ತ ಏರ್ಸ್ಯಾರ್ರಿ. ಖರೆ ಅದು ನಂದಽ ರಕ್ತ. ಹೌದಂತ ಬರೀಲ್ಯೋ, ಇಲ್ಲಂತ ಬರೀಲ್ಯೋ?” ಎಂದಳು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಗರ್ಭವು ಗರ್ಭಕೋಶದಲ್ಲಿ ನೆಲೆಗೊಳ್ಳದೆ ನಾಳದಲ್ಲಿಯೇ ಬೆಳೆದು, ನಾಳ ಒಡೆದು, ಅವಳ ಹೊಟ್ಟೆಯ ತುಂಬ ರಕ್ತ ತುಂಬಿತ್ತು. ತಾಲೂಕಿನ ಆಸ್ಪತ್ರೆಗೆ ತಂದಾಗ ನಾಡಿ ಸಿಗುತ್ತಿರಲಿಲ್ಲವಂತೆ. ರಕ್ತನಿಧಿ ದೂರದ ಜಿಲ್ಲಾ ಊರಿನಲ್ಲಿ; ಹೋಗಿಬರುವಷ್ಟು ಹೊತ್ತು ಅವಳಿಗೆ ಉಳಿದಿರಲಿಲ್ಲ. ಶಸ್ತ್ರವೈದ್ಯರು ಹೊಟ್ಟೆಯನ್ನು ತೆರೆದು, ಕುದಿಸಿ ಶುದ್ಧಗೊಳಿಸಿದ್ದ ಸೌಟಿನಿಂದ ಆ ರಕ್ತವನ್ನು ತೋಡಿ, ಪದರು ಪದರಾದ ಗಾಜ್ ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿ, ಅವಳ ಕೈಯ ನರದ ಮೂಲಕ ಮರಳಿ ಅವಳಿಗೇ ಏರಿಸಿದರು. ಆಮೇಲೆ ವಿಷಯ ತಿಳಿದ ಅತ್ತೆ “ಹೊಟ್ಟ್ಯಾಗ ಚೆಲ್ಲಿದ್ದು ಕೆಟ್ಟ ರಕ್ತ ಅಲ್ಲೇನ್ರಿ ಡಾಕ್ಟರ್?” ಎಂದು ಕೇಳಿದರಂತೆ.

ನಾನು ವೈದ್ಯೆಯಲ್ಲ, ಇತಿಹಾಸದ ವಿದ್ಯಾರ್ಥಿನಿ. ಆದರೂ ಆ ಅತ್ತೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದನ್ನು ಹಿಡಿದು ಹಿಂದೆ ಹಿಂದೆ ಹೋದಾಗ ಕಂಡದ್ದನ್ನು ಈ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇನೆ.

ಈ ವಿಚಾರದ ಮೂಲದಲ್ಲಿರುವುದೂ ಬಾಣಂತಿಯರ ಸಾವೇ. ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್, ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಂದಿರು ಸಾಯುವುದನ್ನು ಕಂಡು ನೊಂದು, 1818ರ ಸುಮಾರಿಗೆ ನಾಯಿಗಳ ಮೇಲೆ ರಕ್ತಪೂರಣದ ಪ್ರಯೋಗಗಳನ್ನು ನಡೆಸಿದ. ದೇಹದಿಂದ ಹೊರಬಂದ ರಕ್ತವನ್ನು ಮತ್ತೆ ಒಳಸೇರಿಸಬಹುದೆಂಬುದು ಆತನಿಗೆ ಮನವರಿಕೆಯಾಯಿತು. ಆದರೆ ಮನುಷ್ಯರಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ನೀಡಿದಾಗ ಕೆಲವರು ಬದುಕಿದರು, ಹಲವರು ಸತ್ತರು. ರಕ್ತದಲ್ಲಿ ಗುಂಪುಗಳಿವೆ ಎಂದು ಕಾರ್ಲ್ ಲ್ಯಾಂಡ್‌ಸ್ಟೈನರ್ ತೋರಿಸಿದ್ದು 1901ರಲ್ಲಿ. ಅಲ್ಲಿಯವರೆಗೆ ಹೊಂದಿಕೆಯಾಗುವುದು ಖಚಿತವಾಗಿದ್ದ ರಕ್ತ ಒಂದೇ, ರೋಗಿಯ ಸ್ವಂತದ್ದು. ಎಡಿನ್‌ಬರೋದ ಜಾನ್ ಡಂಕನ್ ಕಾಲು ಕತ್ತರಿಸುವ ಶಸ್ತ್ರಕ್ರಿಯೆಯಲ್ಲಿ ಹರಿದ ರಕ್ತವನ್ನು, ಹೆಪ್ಪುಗಟ್ಟದಂತೆ ಸೋಡಿಯಂ ಫಾಸ್ಫೇಟ್ ಬೆರೆಸಿ, ರೋಗಿಗೆ ಮರಳಿಸಿದ್ದನ್ನು 1886ರಲ್ಲಿ ಪ್ರಕಟಿಸಿದ. 1914ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಥೀಸ್ ಎಂಬ ವೈದ್ಯ, ನಾಳ ಒಡೆದ ಮೂವರು ಸ್ತ್ರೀಯರಿಗೆ ಅವರ ಹೊಟ್ಟೆಯಲ್ಲಿದ್ದ ರಕ್ತವನ್ನೇ ಕೊಟ್ಟ ವರದಿ ಬಂತು. ನಮ್ಮ ವಿದ್ಯಾರ್ಥಿನಿಗೆ ನಡೆದ ಚಿಕಿತ್ಸೆ ಇದೇ.

ಅತ್ತೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನಾಳದಿಂದ ಹೊಟ್ಟೆಯೊಳಗೆ ಹರಿದ ರಕ್ತ ಹೊರಗಿನ ಕೊಳೆಯನ್ನು ಕಂಡಿರುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳು ಅಲ್ಲಿಯೇ ಖರ್ಚಾಗಿ ಹೋಗುವುದರಿಂದ ಅದರಲ್ಲಿ ಬಹುಪಾಲು ನೀರಾಗಿಯೇ ಉಳಿಯುತ್ತದೆ. ಪ್ರಾಣವಾಯುವನ್ನು ಹೊರುವ ಕೆಂಪುಕಣಗಳು ಇನ್ನೂ ಜೀವಂತವಾಗಿರುತ್ತವೆ. ಆದರೆ ಕರುಳು ಹರಿದು ಮಲ ಬೆರೆತಿದ್ದರೆ, ಇಲ್ಲವೇ ರಕ್ತ ಬಹಳ ಹೊತ್ತು ನಿಂತು ಕೆಟ್ಟಿದ್ದರೆ ಅದನ್ನು ಮುಟ್ಟಬಾರದು. ಅಂದರೆ ಅತ್ತೆಯ ಸಂಶಯ ಮೂಢತನವಾಗಿರಲಿಲ್ಲ. ಅದೇ ಪ್ರಶ್ನೆಯನ್ನು ಶಸ್ತ್ರವೈದ್ಯರೂ ಪ್ರತಿಸಲ ತಮಗೆ ತಾವೇ ಕೇಳಿಕೊಳ್ಳಬೇಕಾಗುತ್ತದೆ.

ನಮ್ಮ ಶಾಲೆ ಆರಂಭವಾದಾಗ ಥೀಸ್‌ನ ವರದಿಗೆ ಹತ್ತು ಹನ್ನೆರಡು ವರ್ಷ ಆಗಿತ್ತಷ್ಟೆ. ಆಗ ಈ ಸೀಮೆಯೆಲ್ಲ ನಿಜಾಮನ ರಾಜ್ಯದಲ್ಲಿತ್ತು. ಉದಗೀರ ಮತ್ತು ನಿಲಂಗಾ ತಾಲೂಕುಗಳು ಬೀದರ ಜಿಲ್ಲೆಗೆ ಸೇರಿದ್ದವು, ಉಮರ್ಗಾ ಉಸ್ಮಾನಾಬಾದ ಜಿಲ್ಲೆಗೆ. ಜಗತ್ತಿನಲ್ಲಿ ಆಸ್ಪತ್ರೆಯ ರಕ್ತನಿಧಿ ಎಂಬ ಹೆಸರು ಹೆಸರಾದದ್ದು 1937ರಲ್ಲಿ, ಶಿಕಾಗೋದಲ್ಲಿ ಬರ್ನಾರ್ಡ್ ಫ್ಯಾಂಟಸ್ ಅದನ್ನು ಸ್ಥಾಪಿಸಿದಾಗ. ಭಾರತದಲ್ಲಿ ಮೊದಲನೆಯದು 1942ರಲ್ಲಿ ಕಲಕತ್ತೆಯಲ್ಲಿ. ಇಲ್ಲೊಂದು ಮಾತು ಹೇಳಬೇಕೆನಿಸುತ್ತದೆ. ಸ್ಪೇನಿನ ಯುದ್ಧದಲ್ಲಿ ವಾಹನದಲ್ಲಿ ರಕ್ತವನ್ನು ಗಾಯಾಳುಗಳ ಬಳಿಗೇ ಒಯ್ದು ಕೊಟ್ಟ ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ ಮುಂದೆ ಚೀನಾದಲ್ಲಿ ತೀರಿಕೊಂಡ. ಅವನ ಹೆಸರಿನ ಆಸ್ಪತ್ರೆಯನ್ನು ಅನಂತರ ನಡೆಸಿದವರು ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್.

ರಕ್ತನಿಧಿಗಳು ಬಂದ ಮೇಲೆ ದೊಡ್ಡ ನಗರಗಳು ಹಳೆಯ ಪದ್ಧತಿಯನ್ನು ಮರೆತವು. 1970ರ ದಶಕದಲ್ಲಿ ಅಮೆರಿಕೆಯಲ್ಲಿ ಅದಕ್ಕೆ ಯಂತ್ರದ ರೂಪ ಬಂತು: ಸೋರಿದ ರಕ್ತವನ್ನು ಹೀರಿ, ಡೇರಿಯಲ್ಲಿ ಕೆನೆ ಬೇರ್ಪಡಿಸುವಂತೆ ಗಿರಗಿರನೆ ತಿರುಗಿಸಿ, ಸಲೈನ್‌ನಲ್ಲಿ ತೊಳೆದು, ಕೆಂಪುಕಣಗಳನ್ನಷ್ಟೇ ಮರಳಿಸುವ ಯಂತ್ರ. 1980ರ ದಶಕದಲ್ಲಿ ಪರರ ರಕ್ತದ ಮೂಲಕ ಏಡ್ಸ್ ಹರಡುವುದೆಂದು ತಿಳಿದಾಗ ಅದರ ಬೇಡಿಕೆ ಹೆಚ್ಚಿತು. ಇಂದು ಹೃದಯದ ಶಸ್ತ್ರಕ್ರಿಯೆಗಳಲ್ಲಿ ಅದು ಸಾಮಾನ್ಯ. 1952ರಲ್ಲಿ ಮುಂಬಯಿಯ ಡಾ. ಭೇಂಡೆ ಮತ್ತು ಸಂಗಡಿಗರು ಗುರುತಿಸಿದ ‘ಬಾಂಬೆ ರಕ್ತ ಗುಂಪು’ ಉಳ್ಳವರಿಗೆ ಓ ಗುಂಪಿನ ರಕ್ತವೂ ಒಗ್ಗದು. ಅಂಥವರ ಪಾಲಿಗೆ ಸ್ವಂತ ರಕ್ತದಷ್ಟು ಸುಲಭವಾದ ದಾನಿ ಬೇರೆಯಿಲ್ಲ.

ನಮ್ಮ ಸೀಮೆಯ ಮಾತು ಬೇರೆ. 1956ರಲ್ಲಿ ಉದಗೀರ, ನಿಲಂಗಾಗಳು ಬೀದರದಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆಯಾಯಿತು. ಗಡಿಯ ಗೆರೆ ಸರಿದರೂ ರೋಗಿಗಳ ದಾರಿ ಸರಿಯಲಿಲ್ಲ. ಸೊಲ್ಲಾಪುರ, ಕಲಬುರಗಿ, ಬೀದರ, ಲಾತೂರ, ಎಲ್ಲಿಗೆ ಹೋದರೂ ರಕ್ತಕ್ಕಾಗಿ ದೂರ ಹೋಗಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಕಿಲ್ಲಾರಿ ಮತ್ತು ಸಾಸ್ತೂರದ ಸುತ್ತಲಿನ ಹಳ್ಳಿಗಳು ಭೂಕಂಪದಲ್ಲಿ ನೆಲಸಮವಾದಾಗ ಆ ದೂರ ಎಷ್ಟೆಂಬುದು ಎಲ್ಲರಿಗೂ ತಿಳಿಯಿತು. ಸುಮಾರು ಹತ್ತು ಸಾವಿರ ಜನ ಸತ್ತ ಆ ದುರಂತದಲ್ಲಿ ಸ್ವರಕ್ತದ ಪದ್ಧತಿಯಿಂದ ಉಪಯೋಗ ಅಷ್ಟಕ್ಕಷ್ಟೆ ಎಂಬುದನ್ನೂ ಹೇಳಬೇಕು. ಕಲ್ಲುಮಣ್ಣಿನ ಗೋಡೆಯಡಿ ಜಜ್ಜಿದ ಕೈಕಾಲುಗಳಿಂದ ಮಣ್ಣಿಗೆ ಇಳಿದ ರಕ್ತವನ್ನು ಯಾರೂ ಮರಳಿ ತುಂಬಲಾರರು. ಅಲ್ಲಿ ಬೇಕಾದದ್ದು ಇನ್ನೊಬ್ಬರ ರಕ್ತವೇ.

ಆ ರಕ್ತ ಸಿಗುತ್ತಿದ್ದ ಬಗೆಯೂ ಮುಂದೆ ಬದಲಾಯಿತು. ಬಡವರು ಹಣಕ್ಕಾಗಿ ರಕ್ತ ಮಾರುವ ದಂಧೆಯನ್ನು ನಿಲ್ಲಿಸಲು 1996ರ ಜನವರಿ 4ರಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 1998ರಿಂದ ಅದು ಸಂಪೂರ್ಣ ನಿಷೇಧವಾಯಿತು. ಪರವಾನಗಿಯ ನಿಯಮಗಳು ಬಿಗಿಯಾದವು. ಇದು ಆಗಬೇಕಾಗಿದ್ದ ಸುಧಾರಣೆ. ಆದರೆ ಹಳ್ಳಿಯ ಶಸ್ತ್ರವೈದ್ಯರು ರೋಗಿಯ ಅಣ್ಣನನ್ನೋ ಗಂಡನನ್ನೋ ಪಕ್ಕದಲ್ಲಿ ಮಲಗಿಸಿ ರಕ್ತ ತೆಗೆದು ಕೊಡುತ್ತಿದ್ದ ರೂಢಿಗೂ ಅದರಿಂದ ಕಾನೂನಿನ ತಡೆ ಬಿತ್ತು. ಗ್ರಾಮೀಣ ಶಸ್ತ್ರವೈದ್ಯರ ಸಂಘದವರು ಈ ಬಗ್ಗೆ ವರ್ಷಗಟ್ಟಲೆ ದನಿಯೆತ್ತಿದರು. ಧುಳೆ ಜಿಲ್ಲೆಯ ದೊಂಡಾಯಿಚೆಯ ಡಾ. ಟೋಂಗಾಂವಕರ್ ಅವರಲ್ಲಿ ಒಬ್ಬರು. ಹರ್ನಿಯಾದ ದುಬಾರಿ ಜಾಲರಿಯ ಬದಲು ಸೊಳ್ಳೆಪರದೆಯ ಬಟ್ಟೆಯನ್ನು ಬಳಸಿ ತೋರಿಸಿದವರೂ ಅವರೇ. ತಾಲೂಕಿನ ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹ ಕೇಂದ್ರಗಳಿಗೆ ಅವಕಾಶ ದೊರೆತದ್ದು ಆಮೇಲಿನ ವರ್ಷಗಳಲ್ಲಿ. ಆ ನಡುವೆ, ರಾತ್ರಿ ಹೊತ್ತಿನಲ್ಲಿ ನಾಳ ಒಡೆದು ಬಂದ ಹೆಣ್ಣುಮಗಳ ಮುಂದೆ ನಿಂತ ವೈದ್ಯರ ಕೈಯಲ್ಲಿ ಉಳಿದದ್ದು ಸೌಟು, ಗಾಜ್ ಬಟ್ಟೆ, ಬಾಟಲಿ. ನಗರಗಳು ಮರೆತದ್ದನ್ನು ಇಂಥ ಊರುಗಳು ಮರೆಯುವಂತಿರಲಿಲ್ಲ. ಆಫ್ರಿಕದ ಹಲವು ದೇಶಗಳ ಆಸ್ಪತ್ರೆಗಳಲ್ಲೂ ಇದೇ ಸೌಟು ಇದೆ. ಅದರ ಬದಲಿಗೆ, ವಿದ್ಯುತ್ತು ಬೇಡದ, ಕೈಯಿಂದ ಎಳೆದು ಒತ್ತುವ ಸರಳ ಸಾಧನವೊಂದನ್ನು ಇತ್ತೀಚೆಗೆ ಘಾನಾ, ಕೀನ್ಯಾಗಳಲ್ಲಿ ಬಳಕೆಗೆ ತಂದಿದ್ದಾರೆ.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಶಿಬಿರದ ವೈದ್ಯೆ ಅವಳ ಮಾತನ್ನು ಕೇಳಿ ನಕ್ಕು, ‘ಹೌದು’ ಎಂದು ಬರೆದು ಪಕ್ಕದಲ್ಲಿ ‘ಸ್ವಂತದ್ದು’ ಎಂದು ಸೇರಿಸಿದರು. ಬೆರಳು ಚುಚ್ಚಿ ನೋಡಿದಾಗ ಹೀಮೋಗ್ಲೋಬಿನ್ 11.8 ಇತ್ತು. ದಾನಕ್ಕೆ 12.5 ಬೇಕು. ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು ಅವಳನ್ನು ಮರಳಿ ಕಳಿಸಿದರು. “ಶಾಲಿಗೆ ನೂರು ತುಂಬೂದ್ರಾಗ ಕೊಟ್ಟಽ ಕೊಡ್ತೀನ್ರಿ ಅಕ್ಕೋರ” ಎಂದು ಹೇಳಿ, ಮಾತ್ರೆಯ ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.